ನಾಳೆ ಹುಡುಕ್ತೀನಿ

ನನ್ನ ರೂಮಲ್ಲಿ ಒಂದು ಕುರ್ಚಿ ಇದೆ. ಅದರ ಮೇಲೆ ಯಾರಾದರೂ ಕೂತಿದ್ದನ್ನ ನಾನು ನೋಡಿಲ್ಲ. ಒಗೆಯೋಕೆ ಹಾಕುವಷ್ಟು ಕೊಳೆಯಾಗದ, ಮಡಚಿ ಇಡುವಷ್ಟು ಶುದ್ಧವೂ ಅಲ್ಲದ ಬಟ್ಟೆಗಳೆಲ್ಲ ಅಲ್ಲೇ ಇರ್ತವೆ. ಈ ಸೆಮ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಕ್ಲಾಸಲ್ಲಿ ಸ್ಟ್ಯಾಕ್ ಅಂದ ತಕ್ಷಣ ನನಗೆ ಕಂಡದ್ದು ಆ ಕುರ್ಚಿ. ಕೊನೆಗೆ ಹಾಕಿದ್ದು ಮೊದಲು ಹೊರಗೆ. ತಳದಲ್ಲಿರೋ ಪಿಯು ಯೂನಿಫಾರ್ಮ್ ಪ್ಯಾಂಟು ಮಾತ್ರ ಎರಡು ವರ್ಷದಿಂದ ಪಾಪ್ ಆಗಿಲ್ಲ.

ಕುರ್ಚಿ ಬಿಡಿ, ಅದು ತಮಾಷೆ. ವಿಷಯ ಇದ್ದದ್ದು ಮಂಚದ ಕೆಳಗೆ. ಅಲ್ಲಿ ಮೂರು ರಟ್ಟಿನ ಡಬ್ಬಿಗಳಿದ್ದವು, ಅಡುಗೆ ಎಣ್ಣೆ ಪ್ಯಾಕೆಟ್ ತುಂಬಿ ಬರುತ್ತಲ್ಲ, ಅಂಥವು. ಚಳ್ಳಕೆರೆ ಶೇಂಗಾ ಮತ್ತು ಎಣ್ಣೆ ಮಿಲ್ಲುಗಳ ಊರು. ನಮ್ಮ ಕಡೆ ಯಾರ ಮನೆಗೆ ಹೋದರೂ ಹಳೇ ಸಾಮಾನು ಎಣ್ಣೆ ಡಬ್ಬಿಯಲ್ಲೇ ಇರುತ್ತೆ. ನನ್ನ ಡಬ್ಬಿಗಳಲ್ಲಿ ಇದ್ದದ್ದು ಜೆಇಇ ಕೋಚಿಂಗ್‌ನ ಮಾಡ್ಯೂಲ್‌ಗಳು. ಎರಡು ವರ್ಷದ್ದು. ಅರ್ಧಕ್ಕಿಂತ ಹೆಚ್ಚು ತೆರೆದೇ ಇರಲಿಲ್ಲ.

ಫಸ್ಟ್ ಇಯರ್‌ನಲ್ಲಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕಿತ್ತು. ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಮೊದಲೇ ಮಾಡಿಸಿದ್ದೆವು. ಅರ್ಜಿಗೆ ಅದರ ಆರ್‌ಡಿ ನಂಬರ್ ಇದ್ದರೆ ಸಾಕು. ಆದರೆ ನಂಬರ್ ಇದ್ದದ್ದು ಅದೇ ಹಾಳೆ ಮೇಲೆ, ಹಾಳೆ ಇದ್ದದ್ದು ಮನೆಯಲ್ಲಿ ಎಲ್ಲೋ. ನಾಳೆ ಹುಡುಕ್ತೀನಿ ಅಂದುಕೊಂಡೆ. ಇಂಟರ್ನಲ್ಸ್ ಮುಗೀಲಿ ಅಂದುಕೊಂಡೆ. ಕೊನೇ ದಿನ ಮೂರು ಗಂಟೆ ಹುಡುಕಿ ಸಿಗಲಿಲ್ಲ. ಮಂಚದ ಕೆಳಗೆ ಮಾತ್ರ ಹುಡುಕಲಿಲ್ಲ. ಆ ಡಬ್ಬಿಗಳನ್ನ ಎಳೆಯೋಕೆ ನನಗೆ ಮನಸ್ಸೇ ಬರ್ತಿರಲಿಲ್ಲ.

ಅಪ್ಪ ಶಾಪ್‌ನಿಂದ ಬಂದು ಕೈಕಾಲು ತೊಳೀತಾ ಕೇಳ್ತಿದ್ರು, "ಸ್ಕಾಲರ್‌ಶಿಪ್ ಬಂತೇನಪ್ಪ?"

"ಇನ್ನೂ ಇಲ್ಲ ಅಪ್ಪ. ಪ್ರಾಸೆಸ್‌ನಲ್ಲೈತೆ."

ಇದನ್ನ ಏಳೆಂಟು ತಿಂಗಳು ಹೇಳಿದೆ.

ನಡುವೆ ನಾನು ಸುಧಾರಿಸೋಕೆ ಪ್ರಯತ್ನ ಮಾಡಲಿಲ್ಲ ಅಂತಲ್ಲ. ಯೂಟ್ಯೂಬ್‌ನಲ್ಲಿ 5ಎಸ್ ಬಗ್ಗೆ ನೋಡಿದೆ. ಜಪಾನಿನ ಕಾರ್ಖಾನೆಗಳಿಂದ ಬಂದ ಪದ್ಧತಿ, ಮೆಕ್ಯಾನಿಕಲ್‌ನವರಿಗೆ ಚೆನ್ನಾಗಿ ಗೊತ್ತಿರುತ್ತೆ. ಅದರ ಮೊದಲನೇ ಎಸ್ ಹೆಸರು 'ಸೇರಿ', ಅಂದರೆ ಬೇಕಾದ್ದು ಬೇಡವಾದ್ದು ಬೇರೆ ಮಾಡೋದು. ನನ್ನ ರೂಮಲ್ಲಿ ಕನ್ನಡದ 'ಸೇರಿ'ಯೇ ನಡೀತಿತ್ತು, ಎಲ್ಲ ಒಂದೇ ಕಡೆ ಸೇರಿ. ಒಂದು ಭಾನುವಾರ ಪೂರ್ತಿ ಕೂತು ಐದು ಬಣ್ಣದ ಟೈಮ್‌ಟೇಬಲ್ ಬರೆದೆ, ಲೇಬಲ್ ಅಂಟಿಸಿದೆ. ಸಂಜೆ ಹೊತ್ತಿಗೆ ಏನೋ ಸಾಧಿಸಿದಂಗೆ ಅನ್ನಿಸ್ತು. ಲ್ಯಾಬ್ ರೆಕಾರ್ಡ್ ಮುಟ್ಟಿರಲಿಲ್ಲ. ಟೈಮ್‌ಟೇಬಲ್ ಬರೆಯೋದು ಕೆಲಸ ಮುಂದೂಡೋಕೆ ಇರೋ ಅತ್ಯಂತ ಗೌರವದ ದಾರಿ ಅಂತ ಆಮೇಲೆ ಗೊತ್ತಾಯ್ತು.

ಸೆಕೆಂಡ್ ಸೆಮ್ ಪರೀಕ್ಷೆ ಮುಗಿದ ಮೇಲೆ ಮೊಳಕಾಲ್ಮೂರಿಗೆ ಹೋದೆ, ದೊಡ್ಡಮಾವನ ಮನೆಗೆ. ತಳಕು, ಬಿ.ಜಿ. ಕೆರೆ, ಹಾನಗಲ್ ದಾಟಿ ಬಸ್ಸು ತಿರುಗುತ್ತೆ. ಮಾವ ರೇಷ್ಮೆ ಸೀರೆ ನೇಯೋರು. ಜಿಐ ಟ್ಯಾಗ್ ಇರೋ ಮೊಳಕಾಲ್ಮೂರು ಸೀರೆ ಅಂತ ಕೇಳಿರ್ತೀರ, ಅದೇ. ಮನೆಯ ನಡುಮನೆಯಲ್ಲೇ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಂಚಲ್ಲಿ ಕೂತು ನೇಯ್ತಾರೆ. ಅದರ ಪಕ್ಕದಲ್ಲೇ ಊಟ, ನಿದ್ದೆ, ಟೀವಿ ಎಲ್ಲ. ಇಷ್ಟು ಕಮ್ಮಿ ಜಾಗದಲ್ಲಿ ಇಷ್ಟು ಸಾಮಾನು ಇದ್ದೂ ಮಾವ ಕತ್ತರಿಗೆ ಕೈ ಚಾಚೋವಾಗ ಆ ಕಡೆ ನೋಡೋದೇ ಇಲ್ಲ. ಕೈಯಿಟ್ಟಲ್ಲಿ ಕತ್ತರಿ ಇರುತ್ತೆ.

'ಹಾಸುಹೊಕ್ಕು' ಅನ್ನೋ ಪದವನ್ನ ನಾನು ಕನ್ನಡ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದು ಮಗ್ಗದ ಮಾತು ಅಂತ ಅಲ್ಲೇ ತಿಳಿದದ್ದು. ಉದ್ದಕ್ಕೆ ಹಾಸಿದ ಎಳೆ ಹಾಸು, ಲಾಳಿ ಅಡ್ಡ ಓಡಿ ತುಂಬೋ ಎಳೆ ಹೊಕ್ಕು. ನನಗೆ ಕೊಟ್ಟ ಕೆಲಸ ರಾಟೆಯಲ್ಲಿ ಕಂಡಿಕೆ ಸುತ್ತೋದು, ಅಂದರೆ ಲಾಳಿಯೊಳಗೆ ಕೂರೋ ಸಣ್ಣ ಕೊಳವೆಗೆ ನೂಲು ತುಂಬೋದು. ಮೊದಲನೇ ದಿನ ನಾನು ಸುತ್ತಿದ್ದನ್ನೆಲ್ಲ ಅತ್ತೆ ಬಿಚ್ಚಿ ಮತ್ತೆ ಸುತ್ತಿದರು. ಬೇಜಾರು ಮಾಡ್ಕೊಳ್ಳಲಿಲ್ಲ, ಮಾತೂ ಆಡಲಿಲ್ಲ.

ಎರಡನೇ ದಿನ ಮಾವ ಟೀ ಕುಡಿಯೋಕೆ ಏಳಬೇಕು ಅನ್ನೋವಾಗ ಹಾಸಿನಲ್ಲಿ ಒಂದು ಎಳೆ ಕಡೀತು. ಲೋಟ ಆರ್ತಾ ಇತ್ತು. ಮಾವ ಕೂತೇ ಹುಡುಕಿ, ಬೆರಳಲ್ಲೇ ಗಂಟು ಹಾಕಿ, ಆಮೇಲೆ ಎದ್ದರು. ಟೀ ಕುಡಿದು ಬಂದು ಹಾಕಬಹುದಿತ್ತಲ್ಲ ಮಾವ ಅಂದೆ.

"ಬಂದ ಮೇಲೆ ನೇಯಕ್ಕೆ ಕೈ ಹೋಗ್ತೈತೆ ಕಣಪ್ಪ, ಗಂಟಿಗೆ ಹೋಗಲ್ಲ. ಹಂಗೇ ಬಿಟ್ರೆ ಸೀರೆ ತುಂಬ ಗೆರೆ ಬೀಳ್ತೈತೆ. ಆಮೇಲೆ ಗಂಟು ಹಾಕ್ತೀನಿ ಅಂದ್ರೂ ಹಿಂದಿನ ಗೆರೆ ಹೋಗಲ್ಲ."

ನನಗೆ ಏನು ನೆನಪಾಯ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಮರುದಿನ ಮಾವನ ಬೈಕ್ ತಗೊಂಡು ಬ್ರಹ್ಮಗಿರಿಗೆ ಹೋಗಿದ್ದೆ, ಅಶೋಕನ ಶಾಸನ ನೋಡೋಕೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಶಾಸನಗಳು ಇವು. ಹತ್ತಿರದಲ್ಲೇ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಚಪಡ ಅನ್ನೋ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರು ಹಾಕಿ, ಲಿಪಿಕಾರ ಅನ್ನೋ ಮಾತನ್ನ ಮಾತ್ರ ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಬಂಡೆ ಮೇಲೆ ರೆಕಾರ್ಡ್ ಬರೆದು ಸಹಿ ಮಾಡಿ ಸಬ್‌ಮಿಟ್ ಮಾಡಿದ ಮನುಷ್ಯ! ನಗು ಬಂತು. ಆದರೆ ಆ ಶಾಸನದಲ್ಲಿ ಹೇಳಿರೋದು ತಂದೆತಾಯಿಯ ಮಾತು ಕೇಳಬೇಕು, ಗುರುಗಳಿಗೆ ಗೌರವ ಕೊಡಬೇಕು, ಸತ್ಯ ಹೇಳಬೇಕು ಅಂತ. ವಾಪಸ್ ಬರುವಾಗ ನಗು ಇರಲಿಲ್ಲ.

ಮಾವನ ಮನೆ ಪೂರ್ತಿ ಅಚ್ಚುಕಟ್ಟು ಅಂತ ಬರೆದರೆ ಸುಳ್ಳಾಗುತ್ತೆ. ಹಿಂದಿನ ಕೋಣೆಯಲ್ಲಿ ಇನ್ನೊಂದು ಮಗ್ಗ ಇದೆ. ಕುಣಿಗೆ ಹಲಗೆ ಮುಚ್ಚಿದಾರೆ. ಹಲಗೆ ಮೇಲೆ ಒಡೆದ ಮಿಕ್ಸಿ, ಹಳೇ ಹಾಸಿಗೆ, ಸೈಕಲ್ ಟೈರು, ಯಾವ್ದೋ ಮದುವೆಯ ಪತ್ರಿಕೆಗಳು. ಅದು ಮಾವನ ಮಗನ ಮಗ್ಗ. ಅಣ್ಣ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಆರು ವರ್ಷ ಆಯ್ತು. ಬಿಚ್ಚಿದರೆ ಒಂದು ಕೋಣೆಯೇ ಸಿಗುತ್ತೆ ಅಂತ ಅತ್ತೆ ಎಷ್ಟೋ ಸಲ ಹೇಳಿದಾರಂತೆ. ಎಳೆ ಕಡಿದರೆ ಟೀ ಕೂಡ ಬಿಡೋ ಮನುಷ್ಯ ಅದಕ್ಕೆ ಮಾತ್ರ "ನೋಡಣ, ನೋಡಣ" ಅಂತಾರೆ. ಬಿಚ್ಚಿದರೆ ಅವನು ವಾಪಸ್ ಬರಲ್ಲ ಅಂತ ಒಪ್ಪಿಕೊಂಡಂಗೆ ಅಲ್ವಾ.

ಆಗ ನನ್ನ ಎಣ್ಣೆ ಡಬ್ಬಿಗಳು ಅರ್ಥ ಆದವು. ನಾನು ಸೋಮಾರಿ ಅನ್ನೋದು ಅರ್ಧ ಉತ್ತರ. ಅವನ್ನ ತೆರೆದರೆ, ಅಪ್ಪ ಸಾಲ ಮಾಡಿ ಕಟ್ಟಿದ ಕೋಚಿಂಗ್ ಫೀಸು ಹೋಯ್ತು, ಐಐಟಿ ಮುಗೀತು ಅಂತ ನಾನೇ ಬಾಯಿಬಿಟ್ಟು ಹೇಳಿಕೊಳ್ಳಬೇಕಿತ್ತು. ಮುಚ್ಚಿಟ್ಟಿರೋವರೆಗೂ ಅದು ಬರೀ ಪುಸ್ತಕ.

ಊರಿಗೆ ಬಂದ ದಿನವೇ ಎಳೆದೆ. ಪ್ರಮಾಣಪತ್ರ ಸಿಕ್ಕಿದ್ದು ಆರ್ಗ್ಯಾನಿಕ್ ಕೆಮಿಸ್ಟ್ರಿ ಮಾಡ್ಯೂಲ್‌ನ ನಡುವೆ. ನಾನೇ ಓದಿದ ಪುಟದ ಗುರುತಿಗೆ ಅಂತ ಇಟ್ಟಿದ್ದೆ. ಅದನ್ನ ಹಿಡ್ಕೊಂಡು ಶಾಪ್‌ಗೆ ಹೋಗಿ, ಗಿರಾಕಿ ಹೋಗೋವರೆಗೆ ನಿಂತು, ಎಲ್ಲ ಹೇಳಿದೆ. ಅಪ್ಪ ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ.

"ನಂಗೆ ಆವಾಗ್ಲೇ ಗೊತ್ತಿತ್ತು. ಎದುರುಮನೆ ಹುಡುಗಂಗೆ ದುಡ್ಡು ಬಂದಿತ್ತು. ನೀನೇ ಹೇಳ್ತೀಯ ಅಂತ ಸುಮ್ನಿದ್ದೆ."

ಸ್ವಲ್ಪ ಹೊತ್ತು ಬಿಟ್ಟು, "ಅದನ್ನ ನಾಲ್ಕು ಜೆರಾಕ್ಸ್ ಮಾಡಿಸ್ಕೊಂಡು ಬಾ" ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿರ್ತಿತ್ತು.

ಒಂದಷ್ಟು ಮಾಡ್ಯೂಲ್ ಪಕ್ಕದ ಬೀದಿಯ ಪಿಯು ಹುಡುಗಿಗೆ ಕೊಟ್ಟೆ. ಉಳಿದದ್ದು ಗುಜರಿಯವನಿಗೆ. ತಕ್ಕಡಿಗೆ ಹಾಕೋವಾಗ ಅಪ್ಪ ಹೊರಗೆ ಬಂದು ಒಂದನ್ನ ತಿರುವಿ ನೋಡಿ, ಖಾಲಿ ಹಾಳೆಗಳಿರೋ ಎರಡನ್ನ ಶಾಪ್‌ನ ಲೆಕ್ಕಕ್ಕೆ ಅಂತ ಎತ್ತಿಟ್ಟುಕೊಂಡರು. ಈಗ ಮನೆಯಲ್ಲಿ ಒಂದು ನೀಲಿ ಫೈಲ್ ಇದೆ, ದಾಖಲೆಗಳಿಗೆ ಅದೊಂದೇ ಜಾಗ. ಈ ಸಲ ಅರ್ಜಿ ಪೋರ್ಟಲ್ ತೆರೆದ ಎರಡನೇ ವಾರವೇ ಹೋಯ್ತು. ಲ್ಯಾಬ್ ರೆಕಾರ್ಡ್ ಅದೇ ದಿನ ಸಂಜೆ ಬರೀತೀನಿ, ಹೆಚ್ಚಿನ ವಾರ. ಕುರ್ಚಿ ಹಂಗೇ ಐತೆ. ಈ ಲೇಖನ ಎರಡು ದಿನ ತಡವಾಗಿ ಕೊಟ್ಟಿದ್ದು ಅಂತ ಎಡಿಟರ್ ಹೇಳೋಕಿಂತ ಮುಂಚೆ ನಾನೇ ಹೇಳಿಬಿಡ್ತೀನಿ.

ಹೋದ ವಾರ ಮಾವನಿಗೆ ಫೋನ್ ಮಾಡಿದ್ದೆ. ದೀಪಾವಳಿ ರಜೆಗೆ ಬರ್ತೀನಿ, ಹಿಂದಿನ ಕೋಣೆ ಇಬ್ಬರೂ ಸೇರಿ ಖಾಲಿ ಮಾಡೋಣ ಅಂದೆ. ಆ ಕಡೆ ಲಾಳಿ ಸದ್ದು ನಿಂತಿತು.

"ಬಾ. ಮಿಕ್ಸಿ, ಟೈರು ಎಲ್ಲ ಹಾಕೋಣ," ಅಂದರು. "ಮಗ್ಗದ್ದು ಆಮೇಲೆ ನೋಡಣ."

ನಾನು ಒತ್ತಾಯ ಮಾಡಲಿಲ್ಲ.