ಅಂಟು ಬಿಡಿಸುವ ಕೈಗಳು

ಹಲಸಿನ ಹಣ್ಣನ್ನು ಕೊಯ್ಯುವ ಮುನ್ನ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳಬೇಕೆಂಬುದನ್ನು ನಮ್ಮ ಕರಾವಳಿಯ ಮನೆಗಳಲ್ಲಿ ಯಾರೂ ಪಾಠ ಹೇಳಿ ಕಲಿಸುವುದಿಲ್ಲ. ಮಕ್ಕಳು ಹಿರಿಯರನ್ನು ನೋಡಿಯೇ ಕಲಿಯುತ್ತಾರೆ. ಬೆರಳಿಗೆ ಹಿಡಿದ ಹಲಸಿನ ಮೇಣವನ್ನು ನೀರು ಬಿಡಿಸಲಾರದು, ಎಣ್ಣೆ ಬಿಡಿಸುತ್ತದೆ. ರಸ್ತೆಯ ಡಾಂಬರಿನ ಸ್ವಭಾವವೂ ಇದೇ. ಇಲಿ ಹಿಡಿಯಲು ಇಡುವ ಹಲಗೆಯ ಅಂಟೂ ಬಹುಮಟ್ಟಿಗೆ ಹೀಗೆಯೇ ಎಣ್ಣೆಗೆ ಸೋಲುತ್ತದೆ. ಇಷ್ಟೆಲ್ಲ ಬಲ್ಲ ನಾವು, ಮನೆಯ ನಾಯಿಯ ಕಾಲಿಗೆ ಅಂಟು ಹಿಡಿದಾಗ ಮಾತ್ರ ಅಡುಗೆಮನೆಯ ಎಣ್ಣೆಯನ್ನು ಮರೆತು ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಹುಡುಕುವುದೇಕೆ? ನಮ್ಮ ಕೈಗೆ ಸಲ್ಲುವ ಸೌಮ್ಯತೆ ಆ ಮೂಕಜೀವಿಯ ಪಾದಕ್ಕೆ ಸಲ್ಲಬಾರದೇ?

ನಮ್ಮ ನೆರೆಯಲ್ಲಿ ಹಿರಿಯ ಮಹಿಳೆಯೊಬ್ಬರಿದ್ದಾರೆ. ನಾವೆಲ್ಲ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತೇವೆ. ಪತಿ ತೀರಿಕೊಂಡು ವರ್ಷಗಳಾದವು, ಮಕ್ಕಳಿಬ್ಬರೂ ಗಲ್ಫಿನಲ್ಲಿದ್ದಾರೆ. ಸಂಜೆಯ ಜಪಸರದ ಹೊತ್ತಿನಲ್ಲಿ ಅವರ ಜೊತೆಗೆ ಕುಳಿತುಕೊಳ್ಳುವ ಜೀವವೆಂದರೆ ನಾಯಿಯೊಂದೇ. ಈಗಿರುವ ಟೈಗರ್‌ಗಿಂತ ಮೊದಲು ಅವರಲ್ಲಿ ಬಿಳಿಯ ಬಣ್ಣದ ನಾಯಿಯೊಂದಿತ್ತು. ಗೇಟಿಗೆ ಬಣ್ಣ ಬಳಿದ ದಿನ ಅದು ಹೋಗಿ ಒರಗಿ ನಿಂತು ಮೈಯ ಒಂದು ಪಕ್ಕಕ್ಕೆಲ್ಲ ಆಯಿಲ್ ಪೇಂಟ್ ಮಾಡಿಕೊಂಡಿತು. ಬಣ್ಣ ಬಳಿಯಲು ಬಂದಿದ್ದ ಹುಡುಗ ಪಾಪ, ಸಹಾಯ ಮಾಡುವ ಮನಸ್ಸಿನಿಂದಲೇ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಮೈಯೆಲ್ಲ ಉಜ್ಜಿದನು. ಬಣ್ಣವೇನೋ ಹೋಯಿತು. ನಾಯಿ ರಾತ್ರಿಯಿಡೀ ಮೈ ನೆಕ್ಕಿಕೊಂಡಿತು, ವಾಂತಿ ಮಾಡಿತು, ಬೆಳಗಾಗುವಾಗ ಕೆಮ್ಮತೊಡಗಿತು. ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿದಿದೆ ಎಂದು ಪಶುವೈದ್ಯರು ಹೇಳಿದರು. ನಾಲ್ಕನೆಯ ದಿನ ಅದು ಸತ್ತಿತು.

ಸೀಮೆಎಣ್ಣೆ, ಪೆಟ್ರೋಲ್, ಟರ್ಪೆಂಟೈನ್, ಥಿನ್ನರ್ ಇವೆಲ್ಲವೂ ಅಂಟನ್ನು ಕ್ಷಣದಲ್ಲಿ ಕರಗಿಸುತ್ತವೆ ಎಂಬುದು ನಿಜ. ಆದರೆ ನಾಯಿಯ ಚರ್ಮವನ್ನೂ ಅವು ಸುಡುತ್ತವೆ. ನಾವು ಕೈಗೆ ಹಚ್ಚಿಕೊಂಡರೆ ಸಾಬೂನಿನಿಂದ ತೊಳೆದುಕೊಳ್ಳುತ್ತೇವೆ, ನಾಯಿ ನಾಲಗೆಯಿಂದ ತೊಳೆದುಕೊಳ್ಳುತ್ತದೆ. ಹೊಟ್ಟೆಗೆ ಹೋದದ್ದು ವಾಂತಿಯಾಗುವಾಗ ಶ್ವಾಸನಾಳಕ್ಕೆ ಸೇರಿದರೆ ಶ್ವಾಸಕೋಶ ಉರಿದು ಊದಿಕೊಳ್ಳುತ್ತದೆ. ಆದುದರಿಂದ ಇಂಥದ್ದನ್ನು ನೆಕ್ಕಿದ ನಾಯಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯದ ಮೇಲೆ ಅಪಾಯ. ಮೈಯನ್ನು ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಗಿಡಮೂಲಿಕೆಯದ್ದಲ್ಲವೇ ಎಂದು ನೀಲಗಿರಿ ಎಣ್ಣೆ ಹಚ್ಚುವವರೂ ಇದ್ದಾರೆ. ಅದೂ ನಾಯಿಗೆ ವಿಷವೇ.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ವಾರ್ಷಿಕ ಹಬ್ಬಕ್ಕೆ ವಾರವಿರುವಾಗ ದೇವಾಲಯದ ರಸ್ತೆಗೆ ಡಾಂಬರು ಹಾಕಿದರು. ಮರುದಿನ ಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆಬದಿಗೆ ಚೆಲ್ಲಿದ್ದ ಡಾಂಬರಿನ ಮೇಲೆ ನಡೆದ ಟೈಗರ್, ನಾಲ್ಕೂ ಪಾದಗಳಲ್ಲಿ ಕಪ್ಪು ಗಡ್ಡೆ ಹೊತ್ತು ಕುಂಟುತ್ತ ಮನೆಗೆ ಬಂದಿತು. ಹಬ್ಬದ ತೋರಣ ಕಟ್ಟುತ್ತಿದ್ದವರೆಲ್ಲ ಗೇಟಿನ ಬಳಿ ಸೇರಿದರು. "ಒಂದು ಚೂರು ಪೆಟ್ರೋಲ್ ಹಾಕಿ ಉಜ್ಜಿದರೆ ಆಯಿತು ಮಾರಾಯ್ರೆ, ಐದು ನಿಮಿಷದ ಕೆಲಸ" ಎಂದು ಒಬ್ಬರು ಬೈಕಿನ ಕಡೆಗೆ ಹೊರಟೇಬಿಟ್ಟರು. ದೊಡ್ಡಮ್ಮ ಮೆಟ್ಟಿಲಿನಿಂದ ಏಳಲೂ ಇಲ್ಲ. "ಬೇಡ ಮಗಾ. ಐದು ನಿಮಿಷದ ಕೆಲಸ ನಾನು ಒಮ್ಮೆ ನೋಡಿದ್ದೇನೆ" ಎಂದಷ್ಟೇ ಹೇಳಿ, ತೆಂಗಿನೆಣ್ಣೆಯ ಬಟ್ಟಲು ತರಲು ನನಗೆ ಸನ್ನೆ ಮಾಡಿದರು.

ಮೊದಲು ಅವರು ಪಾದಗಳನ್ನು ಒಂದೊಂದಾಗಿ ಎತ್ತಿ ಸುಟ್ಟ ಗಾಯವಿದೆಯೇ ಎಂದು ನೋಡಿದರು. ಇದು ಮುಖ್ಯವಾದ ಮಾತು. ಡಾಂಬರು ಬಿಸಿಯಿರುವಾಗಲೇ ಮೆತ್ತಿಕೊಂಡಿದ್ದರೆ ಅದನ್ನು ಕೀಳಲು ಹೋಗಬಾರದು, ಚರ್ಮವೇ ಕಿತ್ತು ಬರುತ್ತದೆ. ತಣ್ಣೀರು ಹನಿಸಿ ತಂಪುಮಾಡಿ ವೈದ್ಯರಿಗೆ ಒಪ್ಪಿಸಬೇಕು. ಟೈಗರ್‌ಗೆ ಸುಟ್ಟಿರಲಿಲ್ಲ. ಬೆರಳುಗಳ ಸಂದಿನ ರೋಮಕ್ಕೆ ಡಾಂಬರು, ಅದರಲ್ಲಿ ಹುದುಗಿದ ಜಲ್ಲಿಯ ಚೂರುಗಳು. ಹೆಜ್ಜೆಯಿಟ್ಟಾಗ ಅವು ಒತ್ತಿ ನೋಯುತ್ತಿದ್ದವು. ನಾನು ತಲೆಯನ್ನು ಹಿಡಿದುಕೊಂಡೆ. ದೊಡ್ಡಮ್ಮ ಎಣ್ಣೆಯನ್ನು ಬೆರಳತುದಿಯಿಂದ ತಿಕ್ಕಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಹಳೆಯ ಪಂಚೆಯ ತುಂಡಿನಿಂದ ಒರೆಸಿದರು. ಬಟ್ಟೆ ಕಂದಾಯಿತು, ಪಾದ ಮಾತ್ರ ಕಪ್ಪಾಗಿಯೇ ಉಳಿಯಿತು. ಮತ್ತೆ ಎಣ್ಣೆ, ಮತ್ತೆ ಬಟ್ಟೆ. ಎಳೆಯುವುದಿಲ್ಲ, ಉಗುರಿನಿಂದ ಕೆರೆಯುವುದಿಲ್ಲ. ಎರಡು ಪಾದಗಳಾಗುವಷ್ಟರಲ್ಲಿ ಕತ್ತಲಾಯಿತು, ಉಳಿದವು ಮರುದಿನದ ಸಂಜೆಗೆ. ಆ ರಾತ್ರಿ ಉಳಿದ ಪಾದಗಳನ್ನು ನೆಕ್ಕದಂತೆ ಹಳೆಯ ಕಾಲುಚೀಲ ತೊಡಿಸಿದರು. ಟೈಗರ್‌ಗೆ ಅದು ಮಹಾ ಅವಮಾನವೆನಿಸಿರಬೇಕು, ಮುಖ ತಿರುಗಿಸಿ ಮಲಗಿತು.

ಅಂಟು ಬಿಟ್ಟ ಮೇಲೆ ಎಣ್ಣೆಯನ್ನೂ ತೆಗೆಯಬೇಕು, ಇಲ್ಲವಾದರೆ ಅಂಗಳದ ಕೆಂಪು ಧೂಳೆಲ್ಲ ಕಾಲಿಗೆ. ಬಹಳ ಎಣ್ಣೆ ನೆಕ್ಕಿದರೆ ಹೊಟ್ಟೆಯೂ ಕೆಡುತ್ತದೆ. ದೊಡ್ಡಮ್ಮ ಕಡಲೆಹಿಟ್ಟು ಉದುರಿಸಿ ಜಿಡ್ಡು ಹೀರಿಸಿದರು, ಬಳಿಕ ಉಗುರುಬೆಚ್ಚಗಿನ ನೀರು ಮತ್ತು ನಾಯಿಯ ಶಾಂಪೂವಿನಿಂದ ತೊಳೆದು ಬೆರಳುಗಳ ಸಂದನ್ನೂ ಒಣಗಿಸಿದರು. ಮೈಯ ರೋಮಕ್ಕೆ ಹಿಡಿದ ಗಟ್ಟಿ ಗಂಟಾದರೆ ಕತ್ತರಿಸುವುದೇ ಲೇಸು, ಆದರೆ ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿ, ಅದರ ಮೇಲ್ಗಡೆಯಷ್ಟೇ ಕತ್ತರಿಸಬೇಕು. ಒಣಗಿದ ಪೇಂಟಿಗೂ ಇದೇ ದಾರಿ. ಮಕ್ಕಳು ಉಗುಳಿದ ಚೂಯಿಂಗ್ ಗಮ್ ಆದರೆ ಮಂಜುಗಡ್ಡೆ ಒತ್ತಿ ಹಿಡಿದಾಗ ಪೆಡಸಾಗಿ ಮುರಿದು ಬರುತ್ತದೆ. ಅದನ್ನು ನಾಯಿ ನುಂಗದಂತೆ ಎಚ್ಚರವಿರಲಿ. ಸಕ್ಕರೆರಹಿತ ಗಮ್ಮಿನಲ್ಲಿ ಬಳಸುವ ಕ್ಸೈಲಿಟಾಲ್ ನಾಯಿಯ ಜೀವಕ್ಕೇ ಕುತ್ತು.

ನಾಯಿಯ ಕಾಲಿಗೆ ಇಷ್ಟೊಂದು ಉಪಚಾರವೇ ಎಂದು ಆ ದಿನ ನಕ್ಕವರಿದ್ದರು. ಪ್ರಾಣಿಗಳನ್ನು ಅನಾವಶ್ಯಕವಾಗಿ ನೋಯಿಸುವುದು ಮಾನವ ಘನತೆಗೇ ವಿರುದ್ಧವೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2418ನೆಯ ಪರಿಚ್ಛೇದದಲ್ಲಿ ಹೇಳುತ್ತದೆ. ಅದನ್ನು ದೊಡ್ಡಮ್ಮ ಓದಿದವರಲ್ಲ. ಅವರು ಬಲ್ಲದ್ದು ಸಂತ ರೋಕರ ಸ್ವರೂಪ. ಆಗಸ್ಟ್ 16ರಂದು ಹಬ್ಬ ಆಚರಿಸಲಾಗುವ ಆ ಸಂತರು ಪ್ಲೇಗು ತಗುಲಿ ಒಂಟಿಯಾಗಿ ಕಾಡಿನಲ್ಲಿ ಬಿದ್ದಿದ್ದಾಗ ನಾಯಿಯೊಂದು ರೊಟ್ಟಿ ತಂದುಕೊಟ್ಟು, ಗಾಯ ನೆಕ್ಕಿ ಆರೈಕೆ ಮಾಡಿತೆಂಬುದು ಪರಂಪರೆ. "ಅಲ್ಲಿ ನಾಯಿ ಮನುಷ್ಯನ ಗಾಯ ನೋಡಿತು, ಇಲ್ಲಿ ನಾನು ನಾಯಿಯದ್ದು ನೋಡಿದರೆ ಏನು ದೊಡ್ಡದು" ಎಂದರು ಅವರು, ಬಟ್ಟೆ ಹಿಂಡುತ್ತಲೇ.

ಹಿಂಗಾಲಿನ ಬೆರಳುಗಳ ಆಳದಲ್ಲಿ ಒಂದು ಚಿಕ್ಕ ಗಂಟು ಮಾತ್ರ ಉಳಿಯಿತು. ಕತ್ತರಿ ಹೋಗದ ಜಾಗ. ದೊಡ್ಡಮ್ಮ ಅವಸರ ಮಾಡಲಿಲ್ಲ, ದಿನವೂ ಸಂಜೆ ಒಂದು ಹನಿ ಎಣ್ಣೆ ಬಿಟ್ಟರು. ಹಬ್ಬದ ದಿನ ಬ್ಯಾಂಡಿನ ಸದ್ದಿಗೆ ಹೆದರಿ ಮಂಚದಡಿ ಸೇರಿದ ಟೈಗರ್ ಹೊರಬಂದಾಗ, ಆ ಗಂಟು ನೆಲದ ಮೇಲೆ ಬಿದ್ದಿತ್ತು, ಒಳಗೊಂದು ಜಲ್ಲಿಯ ಚೂರಿನೊಂದಿಗೆ.