ಕಲ್ಲಿನ ಸಂದಿಯಲ್ಲಿ ಒಂದು ಪೆಟ್ಟಿಗೆ

ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಡಾರ್ಟ್‌ಮೂರ್ ಎಂಬ ಜೌಗು ಬಯಲಿದೆ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಅಲ್ಲಿನ ಕ್ರ್ಯಾನ್‌ಮಿಯರ್ ಪೂಲ್‌ನಲ್ಲಿ, ಬಂದವರು ಹೆಸರಿನ ಚೀಟಿ ಹಾಕಲೆಂದು ಬಾಟಲಿಯೊಂದನ್ನಿಟ್ಟರು. ಲೆಟರ್‌ಬಾಕ್ಸಿಂಗ್ ಶುರುವಾದದ್ದು ಹೀಗೆ.

ಮಕ್ಕಳ ತಂಡಕ್ಕೆ ರಬ್ಬರ್ ಮೊಹರು, ಶಾಯಿ ಪ್ಯಾಡ್, ನೋಟುಬುಕ್ಕು, ನಕ್ಷೆ, ದಿಕ್ಸೂಚಿ ಬೇಕು. ಸುಳಿವು ಹಿಡಿದು ನಡೆದರೆ ಕಲ್ಲಿನ ಸಂದಿಯಲ್ಲಿ ಪೆಟ್ಟಿಗೆ ಸಿಗುತ್ತದೆ. ಅದರೊಳಗಿನ ಮೊಹರನ್ನು ನಿಮ್ಮ ಪುಸ್ತಕದಲ್ಲಿ, ನಿಮ್ಮ ಮೊಹರನ್ನು ಅಲ್ಲಿನ ಪುಸ್ತಕದಲ್ಲಿ ಒತ್ತಬೇಕು.

ಆದರೆ ಎಚ್ಚರ! ಅಲ್ಲಿ ಮಂಜು ಬೇಗನೆ ಕವಿಯುತ್ತದೆ. ಸೇನೆಯ ಗುಂಡಿನ ಅಭ್ಯಾಸವೂ ನಡೆಯುತ್ತದೆ; ಕೆಂಪು ಬಾವುಟ ಹಾರುತ್ತಿದ್ದರೆ ಆ ಕಡೆ ಹೋಗಲೇಬಾರದು. ಹಿರಿಯರು ಜೊತೆಗಿರಲಿ.

ಕೊನೆಗೆ ಪೆಟ್ಟಿಗೆಯನ್ನು ಮಕ್ಕಳ ಕೈಯಿಂದಲೇ ಇದ್ದಲ್ಲಿ ಇಡಿಸಿ. ಕಾವಲುಗಾರನಿಲ್ಲದ ಬಯಲಿನಲ್ಲಿ ಪರರ ವಸ್ತುವನ್ನು ಜೋಪಾನ ಮಾಡಿ ಬಂದ ಮಗುವನ್ನು ಮನೆಯಲ್ಲೂ ನಂಬಬಹುದಲ್ಲವೇ?