ಅಳಿಸಿದ್ದು ಕಾಣಲಿಲ್ಲ

2020ರ ಮಾರ್ಚಿನಲ್ಲಿ ಕಾಲೇಜು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಹೋದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಪದವಿ ತರಗತಿಗೆ ಇಂಗ್ಲಿಷ್ ಕಲಿಸುವವನು ನಾನು. ನಮ್ಮಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು. ಪುಸ್ತಕ ಮರೆತು ಬಂದಾರು, ಮೊಬೈಲ್ ಮರೆಯುವವರಲ್ಲ. ಅದರಲ್ಲೇ ಬರೆಸಿಬಿಡೋಣ ಎಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿ, ದಿನಕ್ಕೊಂದು ಪ್ಯಾರಾ ಕೇಳಿದೆ.

ಬಂತು ನೋಡಿ ಬರವಣಿಗೆ! 'ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್' ಎಂಬ ರಜಾ ಅರ್ಜಿಯಿಂದಾಚೆ ಕಾಲಿಡದವರೂ ಕಾಮಾ ಸಮೇತ ಕಳಿಸತೊಡಗಿದರು. ಹೆಬ್ಬೆರಳೆತ್ತಿ ಮೆಚ್ಚಿದೆ. ತಪ್ಪು ಕಂಡರೆ ಗ್ರೂಪಿನಲ್ಲೇ, ಎಲ್ಲರೆದುರೇ ತಿದ್ದಿದೆ. ಮೊಬೈಲೆಂದರೆ ಮಕ್ಕಳಿಗೆ ಪ್ರಾಣ, ಹಿಂದೆ ಬಿದ್ದಿರುವವರು ನಾವೇ ಎಂದು ವಿಭಾಗದ ಸಭೆಯಲ್ಲಿ ಭಾಷಣವನ್ನೂ ಬಿಗಿದೆ.

ಕಾಲೇಜು ತೆರೆದ ಮೇಲೆ ಇಂಟರ್ನಲ್ಸ್ ಬಂತು. ಪೆನ್ನು ಹಿಡಿದ ಅವೇ ಕೈಗಳು ಎರಡು ಸಾಲಿಗೇ ನಿಂತವು. ಎಲ್ಲ ಕಾಪಿ ಎಂದು ರೇಗಾಡಿದೆ. ಕೆಲವರದು ಹೌದು, ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ 2011ರಲ್ಲೇ ಬಂದಿತ್ತಲ್ಲ. ಆದರೆ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದು, ನನ್ನೆದುರೇ ಫೋನಿನಲ್ಲಿ ಬರೆದು ತೋರಿಸಿದಳು. ಕೀಬೋರ್ಡೇ ಅರ್ಧ ಪರದೆ ನುಂಗಿತ್ತು. ಉಳಿದ ಜಾಗದಲ್ಲಿ ನಾಲ್ಕೈದು ಸಾಲು. ಪ್ಯಾರಾದ ಮೊದಲ ವಾಕ್ಯ ಅಷ್ಟರಲ್ಲೇ ಮೇಲೆ ಸರಿದು ಮರೆಯಾಗಿತ್ತು. 'ಏನು ಹೇಳೋಕೆ ಹೊರಟೆ ಅಂತಾನೇ ಮರ್ತುಹೋಗುತ್ತೆ ಸಾರ್.' ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಚಾಟ್ ಮಾಡಿ ಮಾಡಿ, 'ಐ ವಿಲ್' ಎಂದು ಒತ್ತಿದರೆ ಅವಳ ಫೋನು ಮುಂದಿನ ಪದವಾಗಿ 'ಬರ್ತೀನಿ'ಯನ್ನು ಸೂಚಿಸುತ್ತಿತ್ತು.

ಹಾಗಿದ್ದರೂ ಮೊಬೈಲೇ ಯಾಕೆ ಬೇಕು ಎಂದೆ. 'ಅದರ ಮುಂದೆ ತಪ್ಪು ಮಾಡಿದ್ರೆ ಯಾರೂ ನಗಲ್ಲ. ಗ್ರೂಪಲ್ಲಿ ನೀವು ತಿದ್ತೀರಲ್ಲ, ಅದಕ್ಕೇ ಅಣ್ಣನ ಹತ್ರ ಸರಿ ಮಾಡಿಸಿ ಕಳಿಸ್ತಿದ್ದೆ.'

ಮಾತೇ ಹೊರಡಲಿಲ್ಲ. ನೋಟ್‌ಬುಕ್ಕಿನಲ್ಲಾದರೆ 'ಗೋ' ಬರೆದು, 'ಗೋಯ್ಡ್' ಮಾಡಿ, ಅದನ್ನೂ ಹೊಡೆದು 'ವೆಂಟ್'ಗೆ ಬಂದದ್ದು ಕಣ್ಣಿಗೆ ಬೀಳುತ್ತದೆ. ಹುಡುಗ ಎಲ್ಲಿ ಎಡವಿದ, ಹೇಗೆ ಎದ್ದ ಎಂಬುದೆಲ್ಲ ಆ ಗೀಟುಗಳಲ್ಲಿದೆ. ಫೋನಿನಲ್ಲಿ ಅಳಿಸಿದರೆ ಗುರುತೇ ಉಳಿಯದು. ಅವರಿಗೆ ಬೇಕಾಗಿದ್ದುದೂ ಆ ಮರೆಯೇ. ಅದನ್ನು ನಾನು ತಂತ್ರಜ್ಞಾನದ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಈಗ ಗ್ರೂಪಿನಲ್ಲಿ ತಿದ್ದುವುದಿಲ್ಲ. ಪದ ಸೂಚಿಸುವ ಸೆಟಿಂಗ್ ಆಫ್ ಮಾಡಿಸಿ, ಮೊದಲ ಕಚ್ಚಾ ಬರಹವನ್ನೇ ನನ್ನೊಬ್ಬನಿಗೆ ಕಳಿಸಿ ಎನ್ನುತ್ತೇನೆ. ನೋಟ್‌ಬುಕ್ಕಿನ ಫೋಟೋ ಆದರೂ ಸರಿ. ಅದಕ್ಕೆ ಅಂಕವಿಲ್ಲ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಈ ಉಪಾಯವೂ ಅಲ್ಲಾಡುತ್ತಿದೆ. ಈಚೆಗೊಬ್ಬ, ನಾಲ್ಕು ತಪ್ಪು ಸೇರಿಸಿ ಬರೆದುಕೊಡು ಎಂದು ಅದಕ್ಕೇ ಹೇಳಿ 'ಕಚ್ಚಾ' ಪ್ರತಿ ತರಿಸಿಕೊಂಡಿದ್ದ. ಸಿಕ್ಕಿಬಿದ್ದ. ಇದ್ದ ತಪ್ಪುಗಳೆಲ್ಲ ಇಂಗ್ಲಿಷಿನವರು ಮಾಡುವಂಥವು. ನಮ್ಮ ಹುಡುಗರು 'ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್' ಇಲ್ಲದೆ ಒಂದು ಪ್ಯಾರಾ ಮುಗಿಸುವುದುಂಟೇ?